ರಿಜಿಸ್ಟರ್ಡ್ ಪೋಸ್ಟ್ ಕೈಗೆ ಬಂದೇ ಇಲ್ಲ, "ತಲುಪಿದೆ ಅಂತಲೇ ಲೆಕ್ಕ" ಅಂತಾರೆ. ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಈಗ ಅಪೀಲು ಹಾಕಬಹುದಾ?

ಕಾನುಮನೆ

ಎಲ್ಲರಿಗೂ ನಮಸ್ಕಾರ. ಕಂದಾಯ ಕೇಸುಗಳ ಅನುಭವ ಇರುವವರು ದಯವಿಟ್ಟು ಓದಿ ಒಂದು ದಾರಿ ಹೇಳಿ.

ಮಲೆನಾಡಿನಲ್ಲಿ ಅಪ್ಪನ ಹೆಸರಿಗೆ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ ಇತ್ತು. ಅಪ್ಪ ಹೋದ ಮೇಲೆ ಅಮ್ಮ, ನಾನು, ತಮ್ಮ ಸೇರಿ ಪೌತಿ ಖಾತೆಗೆ ಅರ್ಜಿ ಕೊಟ್ಟೆವು. ಚಿಕ್ಕಪ್ಪ ತಕರಾರು ಹಾಕಿದರು. ಅವರ ಹತ್ತಿರ ರಿಜಿಸ್ಟರ್ ಆಗದ ಒಂದು ಹಳೇ ಪಾಲುಪಟ್ಟಿ ಇದೆ. ಅದರ ಪ್ರಕಾರ ಅರ್ಧ ತೋಟ ಅವರದು ಅನ್ನುವುದು ಅವರ ವಾದ. ವಿಷಯ ತಹಶೀಲ್ದಾರ್ ಮುಂದೆ ಹೋಯಿತು. ಪ್ರತಿ ವಾಯಿದೆಗೂ ನಾನು ಬೆಂಗಳೂರಿಂದ ಬಸ್ಸು ಹತ್ತಿ ಹೋಗಿ ನಿಂತಿದ್ದೇನೆ. ಕೊನೆಯ ವಾಯಿದೆಯಲ್ಲಿ "ಆದೇಶಕ್ಕೆ ಇಟ್ಟಿದೆ, ಆದಮೇಲೆ ಪೋಸ್ಟಲ್ಲಿ ಬರುತ್ತೆ, ಹೋಗಿ" ಅಂದರು.

ಏನೂ ಬರಲಿಲ್ಲ. ಮೊನ್ನೆ ಫೆಬ್ರವರಿಯಲ್ಲಿ ಸೊಸೈಟಿಯ ಬೆಳೆಸಾಲಕ್ಕೆ ಅಂತ ತಮ್ಮ ಪಹಣಿ ತೆಗೆಸಿದ. ನೋಡಿದರೆ ಒಂದು ಎಕರೆ ಚಿಕ್ಕಪ್ಪನ ಹೆಸರಿಗೆ ಹೋಗಿದೆ! ಕಚೇರಿಯಲ್ಲಿ ಕೇಳಿದ್ದಕ್ಕೆ, 2024ರ ಜೂನ್‌ನಲ್ಲೇ ಆದೇಶ ಆಗಿದೆ, ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ದೇವೆ, ನೀವು ತಗೊಳ್ಳದೆ ವಾಪಸ್ ಬಂದಿದೆ, ಕಾನೂನಲ್ಲಿ ಅದು ತಲುಪಿದ ಹಾಗೇ ಅಂತ ಹೇಳಿದರು. ಅಪೀಲಿಗೆ 60 ದಿನ, ಅದು ಎಂದೋ ಮುಗಿದಿದೆ ಅಂತಲೂ ಸೇರಿಸಿದರು. ಕಚೇರಿ ಎದುರಿಗೆ ಕೂರುವ ಅರ್ಜಿ ಬರೆಯುವವರೊಬ್ಬರು "ಬಿಟ್ಬಿಡಿ ತಂಗಿ, ಇನ್ನು ಆಗಲ್ಲ" ಅಂದರು.

ನಮ್ಮ ಕೈಗೆ ಬರದ ಕಾಗದ ತಲುಪಿದೆ ಅಂತ ಹೇಗೆ ಹೇಳುತ್ತಾರೆ? ನಿಜವಾಗಿಯೂ ಬಾಗಿಲು ಮುಚ್ಚಿತಾ?

ದಾವಣಗೆರೆ ವಕೀಲ

ಮುಚ್ಚಿಲ್ಲ ಮೇಡಂ. ಆದರೆ ಇವತ್ತಿಂದ ಒಂದು ದಿನವನ್ನೂ ಸುಮ್ನೆ ಕಳೆಯಬೇಡಿ. ಮುಖ್ಯವಾದದ್ದು ಇದೇ, ಉಳಿದದ್ದೆಲ್ಲ ಆಮೇಲೆ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 136(2)ರಲ್ಲಿ ನಿಮ್ಮ ಅಪೀಲು ಬರುತ್ತದೆ. ಅಲ್ಲಿ 60 ದಿನ ಅಂತ ಇರುವುದು ನಿಜ. ಆದರೆ ಆ 60 ದಿನ ಯಾವತ್ತಿಂದ? ಆದೇಶ ಬರೆದ ದಿನದಿಂದ ಅಲ್ಲ. ಆದೇಶವನ್ನು ನಿಮಗೆ ತಿಳಿಸಿದ ದಿನದಿಂದ, ಪ್ರಮಾಣೀಕರಿಸಿದ ನಮೂದಾದರೆ ಅದು ನಿಮಗೆ ಗೊತ್ತಾದ ದಿನದಿಂದ. ಹಾಗಾಗಿ "ಜೂನ್‌ನಲ್ಲೇ ಆದೇಶ ಆಗಿದೆ" ಅನ್ನುವ ಮಾತಿಗೆ ಮುದ್ದತಿನ ಲೆಕ್ಕದಲ್ಲಿ ಬೆಲೆ ಇಲ್ಲ. ಆದೇಶದ ದಿನಾಂಕ ಅಂದರೆ ಅದು ಬಾಧಿತರಿಗೆ ತಿಳಿದ ಅಥವಾ ತಿಳಿದಿರಬಹುದಾದ ದಿನ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಒಂದು ಭೂಸ್ವಾಧೀನ ಪ್ರಕರಣದಲ್ಲಿ ಹೇಳಿದೆ. ಸಾಹೇಬರು ಸಹಿ ಹಾಕಿ ಕಡತದೊಳಗೆ ಇಟ್ಟರೆ ಜನರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇನ್ನು "ತಲುಪಿದ ಹಾಗೇ ಲೆಕ್ಕ" ಅನ್ನುವ ಮಾತು. ಇದು ಅವರು ಹುಟ್ಟಿಸಿಕೊಂಡಿದ್ದಲ್ಲ. ಕೇಂದ್ರದ ಜನರಲ್ ಕ್ಲಾಸಸ್ ಆಕ್ಟ್, 1897ರ ಸೆಕ್ಷನ್ 27 ಇದೆ. ಸರಿಯಾದ ವಿಳಾಸ ಬರೆದು, ಅಂಚೆ ಶುಲ್ಕ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದರೆ, ಸಾಮಾನ್ಯವಾಗಿ ಆ ಪತ್ರ ತಲುಪಬೇಕಾಗಿದ್ದ ದಿನ ತಲುಪಿದೆ ಅಂತ ಭಾವಿಸಬೇಕು. ನೇರವಾಗಿ ಅದು ಕೇಂದ್ರ ಕಾಯ್ದೆಗಳಿಗೆ ಇರುವ ನಿಯಮ, ಆದರೆ ಅದೇ ತತ್ವವನ್ನು ಎಲ್ಲ ಕಡೆ ಎತ್ತುತ್ತಾರೆ. ಸಾಕ್ಷ್ಯ ಕಾಯ್ದೆಯ ಸೆಕ್ಷನ್ 114ರಲ್ಲೂ ಇದೇ ಧಾಟಿಯ ಭಾವನೆ, ಅಂದರೆ ಹಾಗೇ ಆಗಿದೆ ಅಂತ ಕೋರ್ಟು ಅಂದುಕೊಳ್ಳುವುದು, ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 119.

ಆದರೆ ಅದರಲ್ಲಿ ಎರಡು ಷರತ್ತು ಇವೆ, ಕಚೇರಿಯವರು ಅದನ್ನು ಹೇಳುವುದಿಲ್ಲ. ಒಂದು, ವಿಳಾಸ ಸರಿ ಇರಬೇಕು. ಎರಡು, "ವಿರುದ್ಧವಾದದ್ದು ಸಾಬೀತಾಗದಿದ್ದರೆ" ಮಾತ್ರ. ಅಂದರೆ ನೀವು ಸಾಬೀತು ಮಾಡಿದರೆ ಆ ಭಾವನೆ ಬಿದ್ದುಹೋಗುತ್ತದೆ.

ಹಾಗಾಗಿ ಮೊದಲು ಕಡತದ ಪೂರ್ತಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಬರೀ ಆದೇಶ ಸಾಲದು. ಆರ್ಡರ್ ಶೀಟ್, ನಿಮ್ಮ ಮೂಲ ಅರ್ಜಿ, ಹಿಂದೆ ನಿಮಗೆ ಕಳಿಸಿದ ನೋಟೀಸುಗಳು, ಪೋಸ್ಟಲ್ ರಸೀದಿ, ವಾಪಸ್ ಬಂದ ಲಕೋಟೆಯ ಎರಡೂ ಬದಿ, ರವಾನೆ ವಹಿಯ ಆ ಪುಟ, ಎಲ್ಲವೂ ಬೇಕು. ಲಕೋಟೆ ನೋಡದೆ ಯಾರೂ ನಿಮಗೆ ಖಚಿತವಾಗಿ ಏನೂ ಹೇಳಲಾರರು.

ನಿವೃತ್ತ ಅಂಚೆಯವ

ವಕೀಲರು ಲಕೋಟೆ ನೋಡಿ ಅಂದಿದ್ದು ನೂರಕ್ಕೆ ನೂರು ಸರಿ. ನಾನು ಅಂಚೆ ಇಲಾಖೆಯಲ್ಲೇ ದುಡಿದು ನಿವೃತ್ತನಾದವನು. ಲಕೋಟೆಯ ಮೇಲೆ ಏನೇನು ಇರುತ್ತೆ ಹೇಳ್ತೀನಿ ತಾಯಿ, ಹುಷಾರಾಗಿ ನೋಡಿ.

ಮುಂಬದಿಯಲ್ಲಿ ಬಾರ್‌ಕೋಡ್ ಇರುವ ಚೀಟಿ. ಅದರಲ್ಲಿ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಮತ್ತೆ ಎರಡು ಅಕ್ಷರ. ಅದೇ ಆ ಪತ್ರದ ಜಾತಕ. ಕಳಿಸಿದ ಕಚೇರಿಯ ದುಂಡು ಮೊಹರು ಒಂದು, ತಲುಪಿದ ಕಚೇರಿಯ ಮೊಹರು ಇನ್ನೊಂದು. ಹಳ್ಳಿಯಾದರೆ ಶಾಖಾ ಅಂಚೆ ಕಚೇರಿಯ ಮೊಹರೂ ಇರಬೇಕು. ಆಮೇಲೆ ಪೋಸ್ಟ್‌ಮ್ಯಾನ್ ಅಥವಾ ಗ್ರಾಮೀಣ ಡಾಕ್ ಸೇವಕರು ಕೈಯಲ್ಲಿ ಬರೆದ ಷರಾ.

ಆ ಷರಾ ಏನು ಅನ್ನುವುದರ ಮೇಲೆ ಬಹಳ ನಿಂತಿದೆ. "ನಿರಾಕರಿಸಿದ್ದಾರೆ" ಅಂತಿದ್ದರೆ ಕಷ್ಟ, ಮನೆ ಬಾಗಿಲಲ್ಲಿ ನಿಂತು ಬೇಡ ಅಂದ ಹಾಗೆ. "ಬೀಗ ಹಾಕಿದೆ, ಸೂಚನೆ ಕೊಟ್ಟಿದೆ" ಅಂತಿದ್ದರೆ, ಬಾಗಿಲಿಗೆ ಚೀಟಿ ಹಾಕಿ ಏಳು ದಿನ ಕಚೇರಿಯಲ್ಲಿ ಇಟ್ಟುಕೊಂಡಿದ್ದರು ಅಂತ ಅರ್ಥ. ಏಳು ದಿನ ಕಳೆದ ಮೇಲೆ "ಪಡೆದಿಲ್ಲ" ಅಂತ ಬರೆದು ಕಳಿಸಿದವರಿಗೆ ವಾಪಸ್. "ಊರು ಬಿಟ್ಟಿದ್ದಾರೆ" ಅಥವಾ "ವಿಳಾಸ ಪೂರ್ತಿ ಇಲ್ಲ" ಅಂತಿದ್ದರೆ ಅದು ನಿಮಗೇ ಅನುಕೂಲ. ಪತ್ರ ಹೋದ ಜಾಗದಲ್ಲಿ ನೀವು ಇರಲಿಲ್ಲ ಅಂತ ಅಂಚೆಯವರೇ ಬರೆದುಕೊಟ್ಟ ಹಾಗೆ.

ಇನ್ನೊಂದು ವಿಷಯ. ಜಾಲತಾಣದ ಟ್ರ್ಯಾಕಿಂಗ್ ಮಾಹಿತಿ ಜಾಸ್ತಿ ದಿನ ಸಿಗಲ್ಲ, 2024ರದ್ದು ಈಗ ಸಿಗುವುದು ಕಷ್ಟ. ವಿಭಾಗೀಯ ಅಂಚೆ ಅಧೀಕ್ಷಕರ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಬಾರ್‌ಕೋಡ್ ನಂಬರ್ ಕೊಟ್ಟು ಯಾವ ದಿನ ಮನೆಗೆ ಹೋದರು, ಸೂಚನೆ ಯಾರ ಕೈಗೆ ಕೊಟ್ಟರು, ಯಾವ ದಿನ ವಾಪಸ್ ಆಯಿತು ಅಂತ ಕೇಳಿ. ದಾಖಲೆಗಳನ್ನು ಇಂತಿಷ್ಟು ಕಾಲ ಆದಮೇಲೆ ನಾಶ ಮಾಡುತ್ತಾರೆ, ಬೇಗ ಕೇಳುವುದು ಒಳ್ಳೇದು. ಇಲ್ಲ ಅಂತ ಉತ್ತರ ಬಂದರೆ ಆ ಉತ್ತರವೂ ಒಂದು ದಾಖಲೆಯೇ.

ಕಡತದ ಮನುಷ್ಯ

ನಾನು ಕಂದಾಯ ಇಲಾಖೆಯವನು. ಎಲ್ಲರೂ ಕಚೇರಿಯವರನ್ನೇ ಬೈಯುವುದು ಸರಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ತಾಲ್ಲೂಕಿನಲ್ಲಿ ಎಷ್ಟು ತಕರಾರು ಪ್ರಕರಣ ಇರುತ್ತೆ ಅಂತ ಹೊರಗಿನವರಿಗೆ ಅಂದಾಜು ಇರಲ್ಲ. ಪ್ರತಿಯೊಬ್ಬರ ಮನೆ ಹುಡುಕಿಕೊಂಡು ಹೋಗಿ ಆದೇಶ ಕೊಡಲು ಆಗಲ್ಲ. ಪೋಸ್ಟ್ ತಗೊಳ್ಳದೇ ಇದ್ದರೆ ಆದೇಶವೇ ತಿಳಿದಿಲ್ಲ ಅನ್ನುವುದಾದರೆ, ಸೋತವರೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಹಾಗೆ ಮಾಡುವವರನ್ನು ನಾನೇ ನೋಡಿದ್ದೇನೆ. ಗೆದ್ದವರ ಗತಿ ಏನು? ಅವರ ಖಾತೆ ಎಂದೂ ಗಟ್ಟಿಯಾಗುವುದೇ ಇಲ್ಲ.

ಅಕ್ಕ, ನೀವು ವಾಯಿದೆಗೆ ಬಂದವರು. ಆದೇಶಕ್ಕೆ ಇಟ್ಟಿದೆ ಅಂತ ನಿಮಗೆ ಗೊತ್ತಿತ್ತು. ಕಂದಾಯ ನ್ಯಾಯಾಲಯಗಳ ಪ್ರಕರಣ ಈಗ ಆರ್‌ಸಿಸಿಎಂಎಸ್ ತಾಣದಲ್ಲಿ ನೋಡಬಹುದು. ವರ್ಷ ಕಳೆದರೂ ಯಾಕೆ ವಿಚಾರಿಸಲಿಲ್ಲ ಅಂತ ಎ.ಸಿ. ಸಾಹೇಬರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳಿ.

ದಾವಣಗೆರೆ ವಕೀಲ

ಕಡತದ ಮನುಷ್ಯ ಅವರ ಮಾತಿನಲ್ಲಿ ಹುರುಳಿದೆ. ಈ ಭಾವನೆಯನ್ನು ಕಾನೂನಿನಲ್ಲಿ ಇಟ್ಟಿರುವುದೇ ಬಾಗಿಲು ಹಾಕಿಕೊಳ್ಳುವವರಿಗಾಗಿ. 2007ರಲ್ಲಿ ಕೇರಳದಿಂದ ಹೋದ ಒಂದು ಚೆಕ್ ಬೌನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನೇ ಎತ್ತಿ ಹಿಡಿದರು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆ ಹೋಗಿದ್ದರೆ ಸಾಕು, ಮುಟ್ಟಿಲ್ಲ ಅನ್ನುವ ಹೊಣೆ ಪಡೆಯಬೇಕಾದವರದು ಅಂತ. ಬೀಗ ಹಾಕಿದೆ ಅನ್ನುವ ಷರಾಕ್ಕೂ ಕೋರ್ಟುಗಳು ಇದೇ ಹೇಳಿವೆ. ಹಾಗಾಗಿ "ನಂಗೆ ಬಂದಿಲ್ಲ" ಅಂತ ಒಂದು ಸಾಲಿನ ಅಫಿಡವಿಟ್ ಹಾಕಿದರೆ ಅರ್ಜಿ ಬಿದ್ದುಹೋಗುತ್ತದೆ. ನಾನು ಕಂಡ ಮಟ್ಟಿಗೆ ಹೆಚ್ಚಿನ ಅರ್ಜಿಗಳು ಬೀಳುವುದು ಆ ಒಂದು ಸಾಲಿನಿಂದಲೇ.

ಆದರೆ ಸರ್, ಭಾವನೆ ಅನ್ನುವುದು ವಾದ ಶುರುವಾಗುವ ಜಾಗ. ಕಚೇರಿಯ ಕೌಂಟರ್‌ನಲ್ಲಿ ಅದನ್ನು ವಾದ ಮುಗಿದ ಜಾಗ ಅಂತ ಹೇಳಿ ಜನರನ್ನು ವಾಪಸ್ ಕಳಿಸುತ್ತಾರಲ್ಲ, ನನ್ನ ಆಕ್ಷೇಪ ಅದಕ್ಕೆ. ಎಷ್ಟು ಜನ ಆ ಮಾತು ನಂಬಿ ಮನೆಗೆ ಹೋಗಿ ಸುಮ್ಮನಾಗುತ್ತಾರೆ! ಅವರು ಹಾಗೆ ಸುಮ್ಮನಿದ್ದ ದಿನಗಳೇ ಮುಂದೆ ಅವರಿಗೆ ಮುಳುವಾಗುತ್ತವೆ.

ಹುಬ್ಬಳ್ಳಿ ಹಾರ್ಡ್‌ವೇರ್

ಇದನ್ನ ಓದಿ ನಮ್ಮ ಅಂಗಡಿ ಕಥೆ ನೆನಪಾತು. ಜಿಎಸ್‌ಟಿ ಆದೇಶ ಬಂದದ್ದು ನಮಗ ಗೊತ್ತ ಆಗಲಿಲ್ಲ. ಪೋರ್ಟಲ್‌ನೊಳಗ ಬೇರೆ ಒಂದು ಕಿಂಡಿಯೊಳಗ ಹಾಕಿದ್ರು, ಲೆಕ್ಕ ನೋಡೋ ಹುಡುಗ ಅದನ್ನ ತೆರೆದೇ ಇರಲಿಲ್ಲ. ಬ್ಯಾಂಕ್ ಖಾತೆ ಹಿಡಿದಾಗ ಗೊತ್ತಾತು. ಅಷ್ಟೊತ್ತಿಗೆ ಎಲ್ಲಾ ಗಡುವು ಮುಗಿದಿತ್ತು. ಅಲ್ಲೂ ತಡ ಮನ್ನಾ ಮಾಡಸಬಹುದಾ ವಕೀಲರ?

ದಾವಣಗೆರೆ ವಕೀಲ

ನಿಮ್ಮದು ಬೇರೆ ದಾರಿ, ಸರ್. ದಯವಿಟ್ಟು ಇಬ್ಬರದನ್ನೂ ಕಲಸಬೇಡಿ.

ಜಿಎಸ್‌ಟಿಯಲ್ಲಿ ಸೆಕ್ಷನ್ 107ರ ಪ್ರಕಾರ ಆದೇಶ ತಿಳಿಸಿದ ದಿನದಿಂದ ಮೂರು ತಿಂಗಳು. ಸಕಾರಣ ಇದ್ದರೆ ಮೇಲ್ಮನವಿ ಅಧಿಕಾರಿ ಇನ್ನು ಒಂದೇ ಒಂದು ತಿಂಗಳು ಕೊಡಬಹುದು. ಅದರಾಚೆ ಅವರ ಕೈ ಕಟ್ಟಿದೆ. ಇಂಥದ್ದೇ ಗಡುವು ಇದ್ದ ಅಬಕಾರಿ ಸುಂಕದ ಕಾಯ್ದೆಯಡಿ, 2008ರ ಸಿಂಗ್ ಎಂಟರ್‌ಪ್ರೈಸಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಕಾಯ್ದೆಯೇ ಗರಿಷ್ಠ ಮಿತಿ ಹಾಕಿದ್ದರೆ, ತಡ ಮನ್ನಾಕ್ಕೆ ಅವಕಾಶ ಕೊಡುವ ಕಾಲಮಿತಿ ಕಾಯ್ದೆಯ ಸೆಕ್ಷನ್ 5 ತಂದು ಅದನ್ನು ಹಿಗ್ಗಿಸಲು ಆಗಲ್ಲ. ಸೆಕ್ಷನ್ 169ರಲ್ಲಿ ಪೋರ್ಟಲ್‌ಗೆ ಹಾಕುವುದೂ ಒಂದು ಜಾರಿ ವಿಧಾನವೇ. ಅಲ್ಲಿ ನಿಮಗೆ ಉಳಿದಿರುವುದು ಆದೇಶವೇ ಸರಿಯಾಗಿ ತಿಳಿಸಿಲ್ಲ ಅನ್ನುವ ವಾದ, ಇಲ್ಲವೇ ಹೈಕೋರ್ಟಿನ ರಿಟ್. ಕಾಗದ ಹಿಡಿದುಕೊಂಡು ತೆರಿಗೆ ವಕೀಲರನ್ನು ನೋಡಿ.

ನೇತ್ರಾವತಿ ತೀರ

ಸಿವಿಲ್ ಕೋರ್ಟಿನದ್ದೂ ಸ್ವಲ್ಪ ಹೇಳಿ ಸರ್. ನಮ್ಮ ಮಾವನವರ ಮೇಲೆ ಪಾಲಿನ ದಾವೆ ಹಾಕಿ, ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ, ಎಕ್ಸ್‌ಪಾರ್ಟಿ ಡಿಕ್ರಿ (ಅವರ ಗೈರಿನಲ್ಲೇ ತೀರ್ಪು) ಆಗಿದೆ.

ದಾವಣಗೆರೆ ವಕೀಲ

ಚಿಕ್ಕದಾಗಿ ಹೇಳುತ್ತೇನೆ. ಸಿವಿಲ್ ಕೋರ್ಟಿನ ತೀರ್ಪು ಅಂಚೆಯಲ್ಲಿ ಬರಲ್ಲ, ಅಲ್ಲಿ ಅಂಚೆಯ ಭಾವನೆ ಬರುವುದು ಸಮನ್ಸ್ ವಿಷಯದಲ್ಲಿ. ಎರಡು ದಾರಿ ಇದೆ. ಡಿಕ್ರಿ ರದ್ದು ಮಾಡಿ ಅಂತ ಅದೇ ಕೋರ್ಟಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅರ್ಜಿ, 30 ದಿನದೊಳಗೆ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಆ 30 ದಿನ ಡಿಕ್ರಿ ಗೊತ್ತಾದ ದಿನದಿಂದ ಎಣಿಕೆ. ಇನ್ನೊಂದು, ಮೇಲಿನ ಕೋರ್ಟಿಗೆ ಅಪೀಲು: ಜಿಲ್ಲಾ ಮಟ್ಟದಲ್ಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ, ನಕಲಿಗೆ ಹಿಡಿದ ಸಮಯ ಕಳೆದು. ಎರಡನ್ನೂ ಒಟ್ಟಿಗೆ ಹಾಕಬಹುದು ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಪೀಲು ಮೊದಲು ತೀರ್ಮಾನವಾಗಿಬಿಟ್ಟರೆ ರದ್ದತಿ ಅರ್ಜಿ ಹೋಯಿತು. ಜೊತೆಗೆ ಮಾವನವರಿಗೆ ವಾಯಿದೆ ದಿನ ಬೇರೆ ರೀತಿಯಲ್ಲಿ ಗೊತ್ತಿತ್ತು ಅಂತ ತೋರಿಸಿದರೆ, ಸಮನ್ಸ್ ಜಾರಿಯಲ್ಲಿ ಬರೀ ಲೋಪ ಇತ್ತು ಅನ್ನುವ ಕಾರಣಕ್ಕೆ ಡಿಕ್ರಿ ರದ್ದಾಗಲ್ಲ. ಊರಲ್ಲಿ ಯಾರಾದರೂ ಅವರಿಗೆ ಹೇಳಿದ್ದರಾ ಅಂತ ಮೊದಲು ಕೇಳಿ.

ಕಾನುಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಕಡತದ ನಕಲು ಸಿಕ್ಕಿತು. ನಕಲು ಕೊಡುವವರು ಲಕೋಟೆ ಮೊದಲು ಕೊಡಲಿಲ್ಲ, ಆರ್ಡರ್ ಶೀಟ್ ಮಾತ್ರ ಕೊಡ್ತೀವಿ ಅಂದರು. ವಕೀಲರು ಹೇಳಿದ ಹಾಗೆ ಅರ್ಜಿಯಲ್ಲಿ ಒಂದೊಂದೂ ಬಿಡಿಸಿ ಬರೆದಿದ್ದೆ, ಅದನ್ನು ತೋರಿಸಿದೆ, ಕೊಟ್ಟರು.

ಲಕೋಟೆ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಖಾಕಿ ಬಣ್ಣದ ಉದ್ದ ಕವರು. ನಾವು ಮೂರು ಜನ ಅರ್ಜಿದಾರರು, ಕವರು ಒಂದೇ. ಅಮ್ಮನ ಹೆಸರು, ಅದರ ಕೆಳಗೆ "ಮತ್ತು ಇತರರು". ವಿಳಾಸ ಊರಿನ ಮನೆಯದು. ಮೂಲೆಯಲ್ಲಿ ನೀಲಿ ಪೆನ್ನಲ್ಲಿ "ಬೀಗ" ಅಂತ ಎರಡು ಸಲ, ಪಕ್ಕದಲ್ಲಿ ಒಂದರ ಮರುದಿನದ್ದು ಇನ್ನೊಂದು ತಾರೀಕು. ಹಿಂಬದಿಯಲ್ಲಿ "ಸೂಚನೆ ನೀಡಿದೆ", ಅದರ ಕೆಳಗೆ ಬೇರೆ ಕೈಬರಹದಲ್ಲಿ "ಪಡೆದಿಲ್ಲ, ವಾಪಸ್". ಶಾಖಾ ಕಚೇರಿಯ ಮೊಹರು ಅರ್ಧ ಮಾತ್ರ ಬಿದ್ದಿದೆ. ಆದರೆ ತಿಂಗಳು ಓದಲು ಬರುತ್ತದೆ. ಅದು ಆಗಸ್ಟ್!

ಪೋಸ್ಟಲ್ ರಸೀದಿಯೂ ಆಗಸ್ಟ್‌ದೇ. ಜೂನ್‌ನಲ್ಲಿ ಆದೇಶ ಆಗಿ, ಆಗಸ್ಟ್‌ನಲ್ಲಿ ಪೋಸ್ಟ್ ಮಾಡಿದ್ದಾರೆ.

ಇನ್ನೂ ಒಂದಿದೆ. ನಮ್ಮ ಮೂಲ ಅರ್ಜಿಯಲ್ಲಿ ನನ್ನ ಸಹಿಯ ಕೆಳಗೆ ಬೆಂಗಳೂರಿನ ವಿಳಾಸವನ್ನೇ ಬರೆದಿದ್ದೆ. ವಾಯಿದೆಯ ನೋಟೀಸುಗಳೆಲ್ಲ ಬಂದದ್ದೂ ಬೆಂಗಳೂರಿಗೇ. ಅವುಗಳ ಕಚೇರಿ ಪ್ರತಿ ಕಡತದಲ್ಲಿವೆ. ಆದೇಶ ಮಾತ್ರ ಊರಿಗೆ ಹೋಗಿದೆ. ಅಮ್ಮನಿಗೆ ಆಗ ಮಂಡಿ ಆಪರೇಷನ್ ಆಗಿ ಇಲ್ಲೇ ನಮ್ಮ ಜೊತೆ ಇದ್ದರು. ತಮ್ಮ ಕೆಲಸದ ಮೇಲೆ ಪುಣೆಯಲ್ಲಿದ್ದ. ಮನೆಗೆ ಬೀಗ ಇದ್ದದ್ದು ನಿಜ.

ಆ ಮಳೆಗಾಲ ವಿಪರೀತ ಇತ್ತಲ್ಲ, ಅಂಚೆ ಸರಿಯಾಗಿ ಓಡಾಡಿಲ್ಲ ಅಂತಲೂ ಸೇರಿಸಬಹುದು ಅಂತ ಒಬ್ಬರು ಹೇಳಿದರು. ಬರೆಯಲಾ?

ದಾವಣಗೆರೆ ವಕೀಲ

ಮಳೆಯ ವಿಷಯ ಬರೆಯಬೇಡಿ. ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. ಪತ್ರ ಅಂಚೆಗೆ ಹಾಕಿದ್ದು ನಿಜ, ಆದರೆ ಗಲಭೆಯಿಂದ ಅಂಚೆಯ ಓಡಾಟ ಕೆಟ್ಟಿತ್ತು ಅನ್ನುವ ಉದಾಹರಣೆಯನ್ನು 1872ರ ಸಾಕ್ಷ್ಯ ಕಾಯ್ದೆಯೇ ಕೊಟ್ಟಿತ್ತು. ಆದರೆ ನಿಮ್ಮ ಲಕೋಟೆಯ ಮೇಲೆ ಅಂಚೆಯವರು ಎರಡು ಸಲ ಮನೆ ಬಾಗಿಲಿಗೆ ಬಂದ ತಾರೀಕು ಇದೆ. ಮಳೆಯಿಂದ ಬರಲಿಲ್ಲ ಅಂತ ನೀವು ಬರೆದರೆ, ನಿಮ್ಮ ದಾಖಲೆಯೇ ನಿಮ್ಮನ್ನು ಸುಳ್ಳು ಮಾಡುತ್ತದೆ. ಒಂದು ಸುಳ್ಳು ಕಾರಣ ನಾಲ್ಕು ನಿಜ ಕಾರಣಗಳನ್ನು ನುಂಗಿಬಿಡುತ್ತದೆ.

ನಿಮಗೆ ಅದರ ಅವಶ್ಯಕತೆಯೇ ಇಲ್ಲ. ಕೈಯಲ್ಲಿರುವುದು ಅಷ್ಟು ಗಟ್ಟಿ ಇದೆ. ವಾಯಿದೆ ನೋಟೀಸು ಒಂದು ವಿಳಾಸಕ್ಕೆ, ಆದೇಶ ಇನ್ನೊಂದು ವಿಳಾಸಕ್ಕೆ. ಸರಿಯಾದ ವಿಳಾಸ ಅನ್ನುವ ಮೊದಲ ಷರತ್ತೇ ಅಲ್ಲಿ ಅಲ್ಲಾಡುತ್ತದೆ. ಅಂಚೆಯವರದ್ದು ಏನೂ ತಪ್ಪಿಲ್ಲ, ಬರೆದ ಜಾಗಕ್ಕೆ ಅವರು ಹೋಗಿದ್ದಾರೆ. ಬರೆದದ್ದೇ ನೀವು ಕೊಟ್ಟ ವಿಳಾಸವಲ್ಲ. ಮೂರು ಜನಕ್ಕೆ ಒಂದೇ ಕವರು ಅನ್ನುವುದನ್ನೂ ಬರೆಯಿರಿ. ನಿಮಗೆ ಮತ್ತು ತಮ್ಮನಿಗೆ ಪ್ರತ್ಯೇಕವಾಗಿ ಏನೂ ಕಳಿಸಿಯೇ ಇಲ್ಲ.

ಈಗ ಅರ್ಜಿ ಹೇಗಿರಬೇಕು ಅಂದರೆ, ಮೊದಲು ತಡವೇ ಆಗಿಲ್ಲ ಅನ್ನಿ. ಆದೇಶ ತಿಳಿದದ್ದು ಪಹಣಿ ತೆಗೆಸಿದ ದಿನ, ಅಲ್ಲಿಂದ 60 ದಿನದೊಳಗೆ ಬಂದಿದ್ದೇವೆ ಅಂತ. ಆಮೇಲೆ, ಒಂದು ವೇಳೆ ಆಗಸ್ಟ್‌ನಲ್ಲೇ ತಲುಪಿದೆ ಅಂತ ಕೋರ್ಟು ಭಾವಿಸಿದರೂ, ಈ ಕಾರಣಗಳಿಗಾಗಿ ತಡ ಮನ್ನಾ ಮಾಡಿ ಅಂತ ಕಾಲಮಿತಿ ಕಾಯ್ದೆಯ ಸೆಕ್ಷನ್ 5ರ ಅರ್ಜಿ. ಎರಡೂ ಬೇಕು. ಬರೀ ಮನ್ನಾ ಅರ್ಜಿ ಹಾಕಿದರೆ ತಡ ಆಗಿದೆ ಅಂತ ನೀವೇ ಒಪ್ಪಿಕೊಂಡ ಹಾಗೆ. ಬರೀ ಮೊದಲನೆಯದನ್ನು ಹಿಡಿದರೆ, ಅದು ಬಿದ್ದ ದಿನ ಕೈಯಲ್ಲಿ ಏನೂ ಉಳಿಯಲ್ಲ. ಎಷ್ಟು ದಿನ ತಡ ಅನ್ನುವ ಸಂಖ್ಯೆಯನ್ನು ಸರಿಯಾಗಿ ಎಣಿಸಿ ಹಾಕಿ.

ಅಫಿಡವಿಟ್‌ಗೆ ಅಮ್ಮನ ಡಿಸ್ಚಾರ್ಜ್ ಸಮ್ಮರಿ, ತಮ್ಮನ ಪುಣೆಯ ಬಾಡಿಗೆ ಕರಾರು ಅಥವಾ ಕಂಪನಿ ಪತ್ರ, ಹಳೇ ನೋಟೀಸುಗಳು, ಪಹಣಿ ತೆಗೆಸಿದ ದಿನಾಂಕ ಕಾಣುವ ಪ್ರತಿ, ಇಷ್ಟನ್ನೂ ಲಗತ್ತಿಸಿ. ದೃಢೀಕೃತ ನಕಲಿನ ಹಿಂಬದಿಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಅಂತ ಇರುತ್ತೆ. ಅದು ಅಳಿಸಿಹೋಗದಂತೆ ಜೋಪಾನ ಮಾಡಿ.

ಕಡತದ ಮನುಷ್ಯ ಕೇಳಿದ ಪ್ರಶ್ನೆಗೂ ಉತ್ತರ ಬರೆಯಲೇಬೇಕು. ವರ್ಷಕ್ಕೂ ಮೇಲೆ ಯಾಕೆ ವಿಚಾರಿಸಲಿಲ್ಲ? ಪೋಸ್ಟಲ್ಲಿ ಬರುತ್ತೆ ಅಂತ ಕಚೇರಿಯಲ್ಲಿ ಹೇಳಿದ್ದರು, ಹಿಂದಿನ ನೋಟೀಸೆಲ್ಲ ಪೋಸ್ಟಲ್ಲೇ ಬಂದಿದ್ದವು, ಅದನ್ನು ನಂಬಿದ್ದೆವು. ಇದು ನಿಜವಾದ ಕಾರಣ, ಇದನ್ನೇ ಬರೆಯಿರಿ. ನಡುವೆ ಫೋನ್ ಮಾಡಿ ಕೇಳಿದ್ದರೆ, ಯಾರನ್ನಾದರೂ ಕಳಿಸಿದ್ದರೆ ಅದನ್ನೂ ಬರೆಯಿರಿ. ಇಲ್ಲದ್ದನ್ನು ಸೇರಿಸಬೇಡಿ.

ನೇತ್ರಾವತಿ ತೀರ

ತಡ ಮನ್ನಾ ವಿಷಯದಲ್ಲಿ ಕೋರ್ಟುಗಳು ಉದಾರವಾಗಿರುತ್ತವೆ ಅಂತ ಎಲ್ಲರೂ ಹೇಳ್ತಾರಲ್ಲ ಸರ್?

ದಾವಣಗೆರೆ ವಕೀಲ

ಹೇಳುತ್ತಾರೆ, ಅದನ್ನು ನಂಬಿ ಕೆಡುತ್ತಾರೆ. 1987ರ ಅನಂತನಾಗ್ ಭೂಸ್ವಾಧೀನ ಕಲೆಕ್ಟರ್ ಪ್ರಕರಣ ಎಲ್ಲ ಅರ್ಜಿಯಲ್ಲೂ ಇರುತ್ತದೆ. ಪ್ರತಿ ದಿನದ ತಡಕ್ಕೂ ವಿವರಣೆ ಕೊಡಿ ಅನ್ನುವುದನ್ನು ಅತಿಗೆ ಒಯ್ಯಬಾರದು ಅಂತ ಅಲ್ಲಿ ಹೇಳಿದೆ. 1998ರಲ್ಲಿ ಇನ್ನೊಂದು ತೀರ್ಪು, ತಡ ಎಷ್ಟು ಉದ್ದ ಅನ್ನುವುದಕ್ಕಿಂತ ಕಾರಣ ಒಪ್ಪುವಂಥದ್ದಾ ಅನ್ನುವುದೇ ಮುಖ್ಯ ಅಂತ. ಇವು ಈಗಲೂ ಕಾನೂನೇ.

ಆದರೆ ಗಾಳಿ ಬದಲಾಗಿದೆ. 2012ರಲ್ಲಿ ಅಂಚೆ ಇಲಾಖೆಯೇ 427 ದಿನ ತಡವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಡತ ಮೇಜಿಂದ ಮೇಜಿಗೆ ಹೋಗುವುದು ತಡವಾಯಿತು ಅನ್ನುವ ಕಾರಣವನ್ನು ಕೋರ್ಟು ಒಪ್ಪಲಿಲ್ಲ. ಸರ್ಕಾರಕ್ಕೆ ಬೇರೆ ಗಡಿಯಾರ ಇಲ್ಲ ಅನ್ನುವ ಅರ್ಥದಲ್ಲಿ ವಾಪಸ್ ಕಳಿಸಿತು. 2024ರಲ್ಲಿ ಭೂಸ್ವಾಧೀನದ ಒಂದು ಪ್ರಕರಣದಲ್ಲಿ 5,659 ದಿನದ ತಡ ಮನ್ನಾ ಆಗಲಿಲ್ಲ. ನಮ್ಮ ರಾಜ್ಯದ್ದೇ ನೋಡಿ. ಕರ್ನಾಟಕ ಗೃಹ ಮಂಡಳಿಯ 3,966 ದಿನದ ತಡವನ್ನು ನಮ್ಮ ಹೈಕೋರ್ಟ್ ಮನ್ನಾ ಮಾಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೇಸಿನಲ್ಲಿ ಹುರುಳಿದೆ ಅನ್ನುವುದೊಂದೇ ತಡಕ್ಕೆ ಕಾರಣವಾಗಲ್ಲ ಅನ್ನುವುದು ಇವುಗಳ ಒಟ್ಟು ಧೋರಣೆ.

ಕಾನುಮನೆಯವರದ್ದು ಆ ಜಾತಿಗೆ ಸೇರಿದ್ದಲ್ಲ. ಆದರೆ ಒಂದು ಎಚ್ಚರಿಕೆ ಮೇಡಂ: ಪಹಣಿ ನೋಡುವ ಮುಂಚಿನ ತಡಕ್ಕೆ ನಿಮ್ಮ ಹತ್ತಿರ ಲಕೋಟೆ ಇದೆ. ಪಹಣಿ ನೋಡಿದ ಮೇಲಿನ ತಡಕ್ಕೆ ಏನೂ ಇಲ್ಲ. ಎದುರು ವಕೀಲರು ಹಿಡಿಯುವುದು ಅಲ್ಲೇ.

ಸ್ಟುಟ್‌ಗಾರ್ಟ್ ಕನ್ನಡತಿ

ಇಲ್ಲಿ ಜರ್ಮನಿಯಲ್ಲೂ ಹೊಸದಾಗಿ ಬಂದ ನಮ್ಮವರು ಇದರಲ್ಲೇ ಸಿಕ್ಕಿಬೀಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೋರ್ಟು ಕಾಗದ ಹಳದಿ ಲಕೋಟೆಯಲ್ಲಿ ಬರುತ್ತದೆ. ಅಂಚೆಯವರು ಲಕೋಟೆಯ ಮೇಲೆ ತಾರೀಕು ಬರೆದು ಡಬ್ಬಿಗೆ ಹಾಕಿದರೆ ಆಯಿತು, ಆ ದಿನವೇ ಜಾರಿಯಾದ ದಿನ. ನೀವು ಊರಿಗೆ ಹೋಗಿದ್ದರೂ ಸರಿ. ತೆರಿಗೆ ಕಚೇರಿಯ ಮಾಮೂಲಿ ಪತ್ರವಾದರೆ ಅಂಚೆಗೆ ಹಾಕಿದ ನಾಲ್ಕನೇ ದಿನ ತಲುಪಿದೆ ಅಂತ ಲೆಕ್ಕ. 2025ಕ್ಕೆ ಮುಂಚೆ ಅದು ಮೂರು ದಿನ ಇತ್ತು. ರಜೆಗೆ ಭಾರತಕ್ಕೆ ಹೋಗಿ ಬಂದವರಿಗೆ ಗಡುವು ಮರಳಿ ಕೊಡಿ ಅಂತ ಕೇಳಲು ಅವಕಾಶ ಇದೆ. ಆದರೆ ಅದಕ್ಕೂ ಗಡುವು ಇದೆ, ಕೋರ್ಟಿನ ವಿಷಯದಲ್ಲಿ ಸಾಮಾನ್ಯವಾಗಿ ಎರಡೇ ವಾರ. ಬಂದ ದಿನವೇ ಡಬ್ಬಿ ತೆರೆಯಿರಿ, ಲಕೋಟೆ ಎಸೆಯಬೇಡಿ.

ಕಡತದ ಮನುಷ್ಯ

ಲಕೋಟೆಯ ವಿಳಾಸದ ವಿಷಯ ಓದಿದೆ. ಅದು ಕಚೇರಿಯದ್ದೇ ಲೋಪ, ಒಪ್ಪುತ್ತೇನೆ. ಪಹಣಿಯಲ್ಲಿರುವ ಹೆಸರು, ಊರು ನೋಡಿ ಕವರು ಬರೆಯುವ ಅಭ್ಯಾಸ ಇದೆ. ಅರ್ಜಿಯಲ್ಲಿರುವ ವಿಳಾಸ ನೋಡಿ ಬರೆಯಬೇಕು. ನಮ್ಮ ಕಚೇರಿಯಲ್ಲಿ ಇನ್ನು ಮೇಲೆ ಆದೇಶದ ಕವರಿಗೂ ನೋಟೀಸಿನ ವಿಳಾಸವನ್ನೇ ಹಾಕಲು ಹೇಳುತ್ತೇನೆ.

ಜನರಿಗೂ ಒಂದು ಮಾತು. ವಿಳಾಸ ಬದಲಾದರೆ ಕಡತದಲ್ಲಿ ಒಂದು ಮೆಮೊ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿ ಹೋಗಬೇಡಿ.

ಮಂಡ್ಯದ ಹುಡುಗ

ರಿಜಿಸ್ಟರ್ಡ್ ಪೋಸ್ಟೇ ನಿಂತು ಹೋಯ್ತು ಅಂತಾರಲ್ಲ, ಹಾಗಾದ್ರೆ ಈ ಕಾನೂನೆಲ್ಲ ಏನಾಗುತ್ತೆ?

ನಿವೃತ್ತ ಅಂಚೆಯವ

ಪೂರ್ತಿ ನಿಂತಿಲ್ಲಪ್ಪ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಸ್ಪೀಡ್ ಪೋಸ್ಟ್ ಮಾಮೂಲಾಗಿ ವಿಳಾಸಕ್ಕೆ ಕೊಡುವ ಸೇವೆ, ಮನೆಯಲ್ಲಿ ಯಾರಿದ್ದರೂ ತಗೋಬಹುದು. ಹೆಸರಿದ್ದವರ ಕೈಗೇ ಕೊಡಬೇಕು ಅಂದರೆ ಅದರ ಮೇಲೆ ನೋಂದಣಿ ಅನ್ನುವ ಹೆಚ್ಚಿನ ಸೇವೆ ಕೇಳಿ ಹಣ ಕಟ್ಟಬೇಕು. ಕಾಗದ ಕಳಿಸುವವರು ರಸೀದಿಯಲ್ಲಿ ಅದು ನಮೂದಾಗಿದೆಯಾ ನೋಡಿಕೊಳ್ಳಬೇಕು. ಮುಂದೆ ವಾದ ಬರುವುದು ಅಲ್ಲೇ ಅಂತ ನನಗನ್ನಿಸುತ್ತೆ. ಬರೀ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಪಕ್ಕದ ಮನೆಯವರು ಸಹಿ ಹಾಕಿದ್ದರೆ ಅದು ರಿಜಿಸ್ಟರ್ಡ್ ಅಂಚೆಯ ಜಾರಿಯಾ ಅಂತ.

ಊರಲ್ಲಿ ಮನೆ ಬೀಗ ಹಾಕಿ ದೂರ ಇರುವವರು, ಆ ಊರಿನ ಅಂಚೆ ಕಚೇರಿಗೆ ಪತ್ರ ಹೊಸ ವಿಳಾಸಕ್ಕೆ ತಿರುಗಿಸಿ ಅಂತ ಬರೆದುಕೊಡಬಹುದು. ಖರ್ಚಿಲ್ಲದ ಕೆಲಸ, ಮಾಡುವವರೇ ಇಲ್ಲ.

ಕಾನುಮನೆ

ಅಪೀಲು ಹಾಕಿದೆವು. ಎ.ಸಿ. ಕೋರ್ಟಲ್ಲಿ ನಂಬರ್ ಆಗಿದೆ, ಚಿಕ್ಕಪ್ಪನಿಗೆ ನೋಟೀಸು ಹೋಗಿದೆ. ಲಕೋಟೆಯ ಪ್ರತಿ ನೋಡಿ ಶಿರಸ್ತೇದಾರರು "ವಿಳಾಸ ಬೇರೆ ಇದೆಯಲ್ಲ" ಅಂತ ತಾವೇ ಅಂದರು.

ಈಗ ಬೇರೆ ಭಯ. ಚಿಕ್ಕಪ್ಪ ಆ ಎಕರೆ ಮಾರಲು ಗಿರಾಕಿ ನೋಡುತ್ತಿದ್ದಾರೆ ಅಂತ ಊರಿಂದ ಸುದ್ದಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ತಕರಾರು ಅರ್ಜಿ ಕೊಟ್ಟರೆ ಸಾಕಾ? ಒಂದು ವೇಳೆ ತಡದ ಕಾರಣಕ್ಕೇ ಅಪೀಲು ಬಿದ್ದರೆ ಮುಂದೆ?

ದಾವಣಗೆರೆ ವಕೀಲ

ಸಾಲದು. ಬರೀ ತಕರಾರು ಅರ್ಜಿ ಕೊಟ್ಟರೆ ಸಬ್ ರಿಜಿಸ್ಟ್ರಾರ್ ನೋಂದಣಿ ನಿಲ್ಲಿಸಲ್ಲ, ಅವರಿಗೆ ಕೋರ್ಟಿನ ತಡೆ ತೋರಿಸಬೇಕು. ಅಪೀಲಿನಲ್ಲೇ ತಹಶೀಲ್ದಾರ್ ಆದೇಶಕ್ಕೆ ತಡೆ ಕೋರಿ ಮಧ್ಯಂತರ ಅರ್ಜಿ ಹಾಕಿ. ಆದರೆ ಮಾರಾಟವನ್ನೇ ತಡೆಯಲು ಸಿವಿಲ್ ಕೋರ್ಟೇ ಗಟ್ಟಿ ಜಾಗ.

ಅಪೀಲು ಬಿದ್ದರೂ ಎಲ್ಲ ಮುಗಿಯಲ್ಲ. ಸೆಕ್ಷನ್ 136(3)ರಲ್ಲಿ ಜಿಲ್ಲಾಧಿಕಾರಿ ಮುಂದೆ ರಿವಿಜನ್ (ಮರುಪರಿಶೀಲನೆ) ಇದೆ. ಅದಕ್ಕಿಂತ ಮುಖ್ಯವಾಗಿ, ಖಾತೆ ಬದಲಾದರೆ ಜಮೀನಿನ ಹಕ್ಕು ಬದಲಾಗಲ್ಲ. ಹಕ್ಕು ಯಾರದು ಅಂತ ಸಿವಿಲ್ ಕೋರ್ಟಿನಲ್ಲಿ ಘೋಷಣೆ ಪಡೆದರೆ, ಅದರಂತೆ ಪಹಣಿ ತಿದ್ದಬೇಕು ಅಂತ ಸೆಕ್ಷನ್ 135ರಲ್ಲೇ ಇದೆ. ರಿಜಿಸ್ಟರ್ ಆಗದ ಆ ಪಾಲುಪಟ್ಟಿ ನಿಜವಾಗಿ ಆ ದಿನವೇ ಪಾಲು ಮಾಡುತ್ತದಾ, ಇಲ್ಲ ಮುಂಚೆ ಆದ ಪಾಲಿನ ನೆನಪಿಗೆ ಬರೆದದ್ದಾ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಮೊದಲನೆಯದಾದರೆ ನೋಂದಣಿ ಬೇಕಿತ್ತು, ಎರಡನೆಯದಾದರೆ ಬೇಕಿಲ್ಲ. ಪಾಲುಪಟ್ಟಿಯ ಪ್ರತಿ ಕಡತದಲ್ಲಿ ಇದ್ದೇ ಇರುತ್ತೆ. ಅದನ್ನು ಹಿಡಿದುಕೊಂಡು ಈ ವಾರವೇ ನಿಮ್ಮ ತಾಲ್ಲೂಕಿನ ಸಿವಿಲ್ ವಕೀಲರನ್ನು ಕಂಡು ಘೋಷಣೆ ಮತ್ತು ತಡೆಯಾಜ್ಞೆಯ ದಾವೆ ತಯಾರು ಮಾಡಿಸಿ. ವಕಾಲತ್ತಿಗೆ ಅಮ್ಮನ ಸಹಿಯೂ ಬೇಕಾಗುತ್ತೆ. ದಾವೆಯಲ್ಲಿ ಮೂವರದ್ದೂ ಬೆಂಗಳೂರು, ಪುಣೆ ವಿಳಾಸಗಳನ್ನು ಬೇರೆ ಬೇರೆಯಾಗಿ ಬರೆಸಿ.